ತಾನೇ ನಿಲ್ಲುವ ಟೆಂಟೋ, ಗೂಟದ ಟೆಂಟೋ? ಮುರಕಲ್ಲಿನ ನಾಡಿನಿಂದ ಹೊರಡುವವರ ಚರ್ಚೆ

ಅಡಿಕೆ ಅಂಗಳ, ಬದಿಯಡ್ಕ

ಸೆಪ್ಟೆಂಬರ್ ಕೊನೆಗೆ ನಾನೂ ನನ್ನ ಭಾವನೂ ಹಿಮಾಚಲದ ಹಂಪ್ಟಾ ಪಾಸ್ ದಾಟುವ ಯೋಚನೆಯಲ್ಲಿದ್ದೇವೆ. ದೊಡ್ಡ ಗುಂಪಿನೊಂದಿಗೆ ಅಲ್ಲ. ಅಲ್ಲಿನ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಂಡು, ಟೆಂಟ್, ಒಲೆ, ಅಕ್ಕಿ ಬೇಳೆ ಎಲ್ಲ ನಾವೇ ಹೊತ್ತು ಹೋಗುವುದು. ಅದು ಮುಗಿದ ಮೇಲೆ ಟೆಂಟ್ ಅಟ್ಟ ಸೇರಬಾರದು. ಚಳಿಗಾಲದಲ್ಲಿ ನಮ್ಮ ಕಾಸರಗೋಡಿನ ಪೈವಳಿಕೆ ಕಡೆ ನೆಂಟರ ಗುಡ್ಡದಲ್ಲಿ ರಾತ್ರಿ ಕಳೆಯುವುದಕ್ಕೂ, ಒಮ್ಮೊಮ್ಮೆ ಕೊಲ್ಲಾಪುರ ಜಿಲ್ಲೆಯ ಚಂದಗಡ ಕಡೆ ಹೋಗುವುದಕ್ಕೂ ಅದೇ ಆಗಬೇಕು.

ಎರಡು ಟೆಂಟ್ ನೋಡಿಟ್ಟಿದ್ದೇನೆ. ಒಂದು, ಎರಡು ಕೋಲುಗಳು ಮೇಲೆ ಅಡ್ಡಹಾಯ್ದು ಗುಮ್ಮಟದಂತೆ ತಾನೇ ನಿಲ್ಲುವುದು, ತೂಕ 2.4 ಕಿಲೋ. ಇನ್ನೊಂದಕ್ಕೆ ಸ್ವಂತ ಕೋಲೇ ಇಲ್ಲ. ಚಾರಣದ ಊರುಗೋಲುಗಳನ್ನೇ ನಿಲ್ಲಿಸಿ ಸುತ್ತ ಗೂಟ ಹೊಡೆದು ಎಳೆದು ಕಟ್ಟಬೇಕು, ತೂಕ 1.1 ಕಿಲೋ. ಅಂಗಡಿಯವರು ಮೊದಲನೆಯದನ್ನು ಹೊಗಳುತ್ತಾರೆ, ಅಂತರ್ಜಾಲದಲ್ಲಿ ಬರೆಯುವವರೆಲ್ಲ ಎರಡನೆಯದರ ಭಕ್ತರು. ಗೂಟವಿಲ್ಲದ್ದು ಟೆಂಟೇ ಅಲ್ಲ, ಅದು ಸೊಳ್ಳೆಪರದೆ ಎಂದು ಭಾವ ತೀರ್ಪು ಕೊಟ್ಟಾಗಿದೆ. ಬಲ್ಲವರು ಹೇಳಿ.

ಚೌಕಿಮನೆ, ಕುಂಬಳೆ

ನಿಮ್ಮ ಭಾವನ ಪಕ್ಷ ನನ್ನದು. ಯಕ್ಷಗಾನದ ಡೇರೆ ಮೇಳಗಳು ಊರೂರು ತಿರುಗುತ್ತಿದ್ದ ಕಾಲದಲ್ಲಿ ನನ್ನ ದೊಡ್ಡಪ್ಪ ಡೇರೆ ಎಬ್ಬಿಸುವ ತಂಡದಲ್ಲಿದ್ದರು. ಆಟಕ್ಕಿಂತ ಆ ಕೆಲಸ ನೋಡಲು ನಮಗೆ ಮಕ್ಕಳಿಗೆ ಹೆಚ್ಚು ಆಸೆ. ಮೊದಲು ಗದ್ದೆಯನ್ನು ನಡೆದು ನೋಡುವುದು. ಕಾಲಿನಲ್ಲಿ ಒತ್ತಿ, ಹಾರೆಯಿಂದ ಅಲ್ಲಲ್ಲಿ ಕುಟ್ಟಿ, ಯಾವ ಮೂಲೆ ಗಟ್ಟಿ, ಯಾವುದು ಮೆದು ಎಂದು ತಿಳಿದುಕೊಳ್ಳುವುದು. ಆಮೇಲೆಯೇ ಕಂಬದ ಮಾತು. ಅಷ್ಟು ಜನ ಕುಳಿತುಕೊಳ್ಳುವ ಡೇರೆ ಕಂಬದ ಬಲದಿಂದ ನಿಂತದ್ದಲ್ಲ, ಸುತ್ತಲಿನ ಹಗ್ಗ ಮತ್ತು ಗೂಟದಿಂದ. ಕಂಬ ಬಟ್ಟೆಯನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ.

ಒಂದು ಮಾತು ಮಾತ್ರ ನೆನಪಿಡಿ. ಮೇಳಗಳ ತಿರುಗಾಟ ದೀಪಾವಳಿ ಕಳೆದು ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಡೇರೆ ಹಾಕುವ ಸಾಹಸಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಡೇರೆ ಇಳಿಯುತ್ತಿದ್ದದ್ದೂ ಕೊಯ್ಲಾದ ಗದ್ದೆಯಲ್ಲಿ, ಪದವಿನ ಮೇಲಲ್ಲ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಗುಡ್ಡದ ಮೇಲಲ್ಲ.

ಪದವಿನ ಗಾಳಿ, ಮುಳ್ಳೇರಿಯಾ

ಚೌಕಿಮನೆಯವರು ಕೊನೆಗೆ ಸೇರಿಸಿದ ಮಾತಿನಲ್ಲೇ ಉತ್ತರವಿದೆ. ಗದ್ದೆಗೆ ಒಂದು ನ್ಯಾಯ, ಪದವಿಗೆ ಇನ್ನೊಂದು. ಆದ್ದರಿಂದ ಬದಿಯಡ್ಕದ ತಮ್ಮ ಕೇಳಬೇಕಾದ ಪ್ರಶ್ನೆ ಯಾವ ಟೆಂಟ್ ಒಳ್ಳೆಯದು ಎಂಬುದಲ್ಲ, ನಾನು ಎಂಥ ನೆಲದ ಮೇಲೆ ಮಲಗುತ್ತೇನೆ ಎಂಬುದು.

ನಮ್ಮ ಮುರಕಲ್ಲನ್ನು ತೆಗೆದುಕೊಳ್ಳಿ. ಅಗೆದು ತೆಗೆಯುವಾಗ ಕೊಡಲಿಗೆ ಬಗ್ಗುವ ಕಲ್ಲು ಗಾಳಿ ಬಿಸಿಲಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅದರಲ್ಲಿ ಮನೆ ಕಟ್ಟುತ್ತೇವೆ. ಪದವಿನ ಮೇಲ್ಮೈ ಎಂದರೆ ಎಷ್ಟೋ ಕಾಲದಿಂದ ತೆರೆದುಕೊಂಡು ಬಿದ್ದಿರುವ ಅದೇ ಕಲ್ಲು. ಮೇಲೆ ಬೆರಳುದ್ದ ಮಣ್ಣು, ಸ್ವಲ್ಪ ಹುಲ್ಲು. ಅಲ್ಯೂಮಿನಿಯಂ ಗೂಟ ಅಲ್ಲಿ ಎರಡು ಏಟಿಗೆ ತಲೆ ಬಾಗಿಸುತ್ತದೆ. ಕಲ್ಲಿನಲ್ಲಿ ತೂತುಗಳು ಇರುತ್ತವೆ ನಿಜ, ತೆಳು ಮೊಳೆಯಂಥ ಗೂಟ ಕೆಲವೊಮ್ಮೆ ಕಚ್ಚಿಕೊಳ್ಳುತ್ತದೆ; ಆದರೆ ನಿಮಗೆ ಬೇಕಾದ ಜಾಗದಲ್ಲೇ ತೂತು ಇರಬೇಕಲ್ಲ. ಊರುಗೋಲಿನ ಟೆಂಟಿಗೆ ನಾಲ್ಕೋ ಆರೋ ಗೂಟಗಳು ಇಂಥಲ್ಲೇ ಎಂದು ನಿಗದಿಯಾಗಿರುತ್ತವೆ. ಒಂದು ಸರಿದರೂ ಸೂರು ಸೊಟ್ಟಗಾಗುತ್ತದೆ, ಮುಖ್ಯವಾದದ್ದು ಕಿತ್ತರೆ ಇಡೀ ಟೆಂಟ್ ಮುಖದ ಮೇಲೆ. ಗುಮ್ಮಟದ ಟೆಂಟ್ ಮೊದಲು ನಿಂತುಬಿಡುತ್ತದೆ. ಆಮೇಲೆ ಎಲ್ಲಿ ಕಟ್ಟಬಹುದು ಎಂದು ನಿಧಾನವಾಗಿ ನೋಡಬಹುದು. ಕೆಳಗೆ ಕಲ್ಲು ಚುಚ್ಚುತ್ತಿದ್ದರೆ ಇಬ್ಬರು ಎತ್ತಿ ಎರಡು ಹೆಜ್ಜೆ ಪಕ್ಕಕ್ಕೆ ಇಡಬಹುದು. ಬೆಳಿಗ್ಗೆ ತಲೆಕೆಳಗು ಮಾಡಿ ಕಸ ಕೊಡವಬಹುದು.

ಈಗ ಅದರ ಭಕ್ತರಿಗೆ ಹೇಳಬೇಕಾದದ್ದು. ತಾನೇ ನಿಲ್ಲುತ್ತದೆ ಎಂದರೆ ಗಾಳಿಯಿಲ್ಲದಾಗ ಬೀಳುವುದಿಲ್ಲ ಎಂದಷ್ಟೇ ಅರ್ಥ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ, ಎರಡು ಚದರ ಮೀಟರ್ ಬದಿಯಿರುವ ಟೆಂಟನ್ನು ಸುಮಾರು 15 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು, ಅಂದರೆ 60 ಕಿಲೋ. ನಿಮ್ಮ ಟೆಂಟಿನ ತೂಕ 2.4. ಒಳಗೆ ಇಬ್ಬರು ಮಲಗಿದ್ದರೆ ನೆಲ ಹಾರುವುದಿಲ್ಲ. ಟೆಂಟ್ ಹಾರುವುದು ಎಬ್ಬಿಸಿಟ್ಟು ನೀರು ತರಲು ಹೋದಾಗ. ಕಣ್ವತೀರ್ಥದ ಕಡಲ ದಂಡೆಯಲ್ಲಿ ಒಂದು ಸಂಜೆ ಯಾರದ್ದೋ ಗುಮ್ಮಟದ ಟೆಂಟ್ ಉರುಳುತ್ತಾ ಹೋದದ್ದನ್ನು ನೋಡಿದ್ದೇನೆ. ಹಿಂದೆ ಮೂವರು ಹುಡುಗರು ಓಡುತ್ತಿದ್ದರು, ಟೆಂಟ್ ಅವರಿಗಿಂತ ಮುಂದಿತ್ತು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಒಳಗೂಡು ತಾನೇ ನಿಂತರೂ ಮೇಲ್ಹೊದಿಕೆ ನಿಲ್ಲುವುದಿಲ್ಲ. ಬೂಟು, ಚೀಲ ಇಡುವ ಮುಂಚಾವಣಿ ಬೇಕಾದರೆ ಅದನ್ನು ಎಳೆದು ಕಟ್ಟಲೇಬೇಕು. ಕಟ್ಟದಿದ್ದರೆ ಹೊದಿಕೆ ಒಳಗೂಡಿಗೆ ತಾಗಿ, ಒಳಗಿನ ಬೆವರು ನೀರಾಗಿ ಹಾಸಿಗೆಗೆ ಇಳಿಯುತ್ತದೆ. ಆದ್ದರಿಂದ ಗೂಟ ಮತ್ತು ಹಗ್ಗ ಎರಡೂ ಬಗೆಯ ಟೆಂಟಿಗೆ ಬೇಕು. ಒಂದು ಗೂಟವಿಲ್ಲದೆ ಹುಟ್ಟುವುದೇ ಇಲ್ಲ, ಇನ್ನೊಂದು ಗೂಟವಿಲ್ಲದೆ ಬಾಳುವುದಿಲ್ಲ.

ಮಲೆಹಾದಿ, ತಾಳವಾಡಿ

ಅಕ್ಕ ಸರಿಯಾಗಿ ಬರೆದಿದ್ದಾರೆ, ಆದರೆ ತಕ್ಕಡಿಯನ್ನು ಕಾಸರಗೋಡಿನ ಕಡೆಗೆ ಸ್ವಲ್ಪ ಒತ್ತಿದ್ದಾರೆ. ಎಲ್ಲರ ನೆಲವೂ ಮುರಕಲ್ಲಲ್ಲ. ನಾನು ಊರುಗೋಲಿನ ಟೆಂಟಿನವನು, ಅದರಲ್ಲೇ ಉಳಿಯುವವನು.

1.3 ಕಿಲೋ ವ್ಯತ್ಯಾಸ ಎಂದರೆ ಕಡಿಮೆಯಲ್ಲ. ಅದು ಇಬ್ಬರ ಎರಡು ದಿನದ ಅಕ್ಕಿ ಬೇಳೆಯ ತೂಕ. ನಾಲ್ಕು ಸಾವಿರ ಮೀಟರ್ ದಾಟಿದ ಮೇಲೆ ಪ್ರತಿ ನೂರು ಗ್ರಾಂ ಮಾತಾಡಲು ಶುರುಮಾಡುತ್ತದೆ. ಹಂಪ್ಟಾ ಪಾಸ್ ಸುಮಾರು 4,270 ಮೀಟರ್. ಅಡ್ಡಹಾಯುವ ಉದ್ದ ಕೋಲುಗಳು ಮುರಿದರೆ ಟೆಂಟ್ ಮುಗಿಯಿತು. ಕಡಿಮೆ ಬೆಲೆಯವುಗಳಲ್ಲಿ ಫೈಬರ್ ಗ್ಲಾಸ್ ಕೋಲು. ಅದು ಬಗ್ಗದೆ ಸೀಳಿ, ಆ ಸಿಬಿರು ಬಟ್ಟೆಯನ್ನೂ ಹರಿಯುತ್ತದೆ. ನನ್ನ ಊರುಗೋಲು ಅದಕ್ಕಿಂತ ಎಷ್ಟೋ ದಪ್ಪ, ಮುರಿದರೂ ಕಾಡಿನ ಒಂದು ಒಣಗೋಲು ಸಾಕು. ಮತ್ತೆ ಮಳೆ. ಹೆಚ್ಚಿನ ಗುಮ್ಮಟಗಳಲ್ಲಿ ಮೊದಲು ಒಳಗೂಡು ಎಬ್ಬಿಸಿ ಆಮೇಲೆ ಹೊದಿಕೆ ಹಾಕಬೇಕು. ಸುರಿಯುವ ಮಳೆಯಲ್ಲಿ ಆ ಐದು ನಿಮಿಷಕ್ಕೆ ಒಳಗಡೆ ಕೆರೆ. ನನ್ನದರಲ್ಲಿ ಸೂರು ಮೊದಲು, ಮನೆ ಆಮೇಲೆ.

ಮಣ್ಣಿರುವ ಕಡೆ ನಾಲ್ಕು ಗೂಟ ಸರಿಯಾಗಿ ಹೊಡೆದರೆ ಗಾಳಿಗೆ ತಗ್ಗಿ ಕುಳಿತಿರುವ ಈ ಟೆಂಟ್ ಅಲುಗುವುದಿಲ್ಲ. ನಾರ್ಡಿಕ್ ದೇಶಗಳ ಹಿಮಗಾಳಿಯಲ್ಲಿ ಬಳಸುವ ಸುರಂಗದಾಕಾರದ ಟೆಂಟುಗಳೂ ಗೂಟದ ಟೆಂಟುಗಳೇ. ಎರಡು ತುದಿ ಎಳೆದು ಕಟ್ಟದಿದ್ದರೆ ಅವು ಮಲಗಿಬಿಡುತ್ತವೆ. ಅವು ದುರ್ಬಲ ಎಂದು ಯಾರೂ ಹೇಳುವುದಿಲ್ಲ.

ಎರೆಹೊಲ, ಅಕ್ಕಲಕೋಟೆ

ಮಣ್ಣಿರುವ ಕಡೆ ಎಂದಿರಲ್ಲ ಸರ್, ಯಾವ ಮಣ್ಣು? ನಮ್ಮ ಸೊಲ್ಲಾಪುರ ಜಿಲ್ಲೆಗೆ ಬನ್ನಿ. ಕಣ್ಣಿಗೆ ಕಾಣುವಷ್ಟು ದೂರ ಎರೆ ಭೂಮಿ. ಬೇಸಿಗೆಯಲ್ಲಿ ಅದು ಒಣಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕೈ ಇಳಿಯುತ್ತದೆ. ಬಿರುಕಿನ ಹತ್ತಿರ ಹೊಡೆದ ಗೂಟ ಹೆಂಟೆಯ ಸಮೇತ ಎದ್ದು ಬರುತ್ತದೆ. ಬಿರುಕಿಲ್ಲದ ಕಡೆ ಹೊಡೆದರೆ ಗಟ್ಟಿ ನೆಲ, ಆಗ ಹಿಡಿತ ಚೆನ್ನಾಗಿರುತ್ತದೆ. ಆದರೆ ಒಂದು ಮಳೆ ಬೀಳಲಿ, ಅದೇ ಮಣ್ಣು ಉಬ್ಬಿ ಬೆಣ್ಣೆಯಾಗುತ್ತದೆ. ಗೂಟ ಕೈಯಿಂದ ಒತ್ತಿದರೇ ಇಳಿಯುತ್ತದೆ. ಸುಲಭವಾಗಿ ಇಳಿದದ್ದು ಸುಲಭವಾಗಿ ಹೊರಬರುತ್ತದೆ. ಸಂಜೆ ಬಿಗಿಯಾಗಿದ್ದ ಹಗ್ಗ ನಡುರಾತ್ರಿ ಜೋತುಬಿದ್ದಿರುತ್ತದೆ.

ಇಲ್ಲಿ ನಾವು ಮಾಡುವುದು ಇಷ್ಟು. ಗೂಟ ಉದ್ದ ಇರಬೇಕು, ಅಗಲ ಇರಬೇಕು. ಸಾಲದಿದ್ದರೆ ಒಂದು ಹಗ್ಗಕ್ಕೆ ಎರಡು ಗೂಟ, ಹಿಂದೊಂದು ಮುಂದೊಂದು, ನಡುವೆ ತುಂಡು ಹಗ್ಗ. ದನ ಕಟ್ಟುವ ಗೂಟ ಕಿತ್ತು ಬಂದಾಗ ಅಪ್ಪ ಮಾಡುತ್ತಿದ್ದ ಉಪಾಯವೇ ಇದು. ಮತ್ತೆ ಮಳೆಯ ಲಕ್ಷಣವಿದ್ದರೆ ಹೊಲದಲ್ಲಿ ಟೆಂಟ್ ಹಾಕಲೇಬೇಡಿ, ಬದುವಿನ ಮೇಲೆ ಹೋಗಿ. ಎರೆ ಕೆಸರು ಮೆತ್ತಿದ ಟೆಂಟಿನ ತೂಕವನ್ನು ಯಾವ ಕಂಪನಿಯೂ ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ.

ಅಡಿಕೆ ಅಂಗಳ, ಬದಿಯಡ್ಕ

ಎಲ್ಲರಿಗೂ ಧನ್ಯವಾದ. ಒಂದು ಸಂಶಯ. ಗೂಟ ಇಳಿಯದ ಕಡೆ ಕಲ್ಲು ಕಟ್ಟಬಹುದು ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಅಂಗಳದಲ್ಲಿ ಹಗ್ಗದ ತುದಿಗೆ ತೆಂಗಿನಕಾಯಿ ಗಾತ್ರದ ಕಲ್ಲು ಕಟ್ಟಿ ಎಳೆದು ನೋಡಿದೆ. ಜಾರಿಕೊಂಡು ಬಂತು. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯ ಮೇಲೇ ಬಂತು. ಅಮ್ಮನ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಹಾಸುಬಂಡೆ, ರಾಯದುರ್ಗ

ಕಲ್ಲಿನ ವಿಷಯ ನಮಗೆ ಬಿಡಿ. ಅನಂತಪುರದ ಈ ಸೀಮೆಯಲ್ಲಿ ಬಂಡೆ ಬಿಟ್ಟರೆ ಬೇರೆ ಇಲ್ಲ, ಗಾಳಿಗೂ ಬರವಿಲ್ಲ. ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ.

ತೆಂಗಿನಕಾಯಿ ಗಾತ್ರದ ಕಲ್ಲಿಗೆ ನೇರವಾಗಿ ಹಗ್ಗ ಕಟ್ಟಿದರೆ ಜಾರುವುದೇ ಸರಿ. ಎರಡು ಕಲ್ಲು ಬೇಕು. ಹಗ್ಗದ ತುದಿಯನ್ನು ಚಿಕ್ಕ ಕಲ್ಲಿಗೋ, ಮೊಳದುದ್ದದ ಗಟ್ಟಿ ಕೋಲಿಗೋ ಕಟ್ಟಿ ನೆಲದ ಮೇಲೆ ಇಡಿ. ಅದರ ಮುಂದೆ, ಅಂದರೆ ಟೆಂಟಿನ ಕಡೆಗೆ, ಹಗ್ಗದ ಮೇಲೆ ದೊಡ್ಡ ಕಲ್ಲನ್ನು ಕೂರಿಸಿ. ಗಾಳಿ ಎಳೆದಾಗ ಚಿಕ್ಕದು ದೊಡ್ಡದರ ಬೆನ್ನಿಗೆ ಬಂದು ಸಿಕ್ಕಿಕೊಳ್ಳುತ್ತದೆ, ಎಳೆದಷ್ಟೂ ಬಿಗಿ. ದೊಡ್ಡ ಕಲ್ಲು ಎರಡು ಕೈಯಲ್ಲಿ ಉರುಳಿಸಿ ತರುವಷ್ಟು ದೊಡ್ಡದಿರಬೇಕು, 15 ಕಿಲೋಗೆ ಕಡಿಮೆ ಬೇಡ. ಇದರಲ್ಲಿ ಇನ್ನೊಂದು ಲಾಭ, ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತುವ ಕೆಲಸವಿಲ್ಲ. ಬಂಡೆಯ ಒರಟು ಅಂಚಿಗೆ ರಾತ್ರಿಯಿಡೀ ಉಜ್ಜಿದರೆ ಹಗ್ಗ ಬೆಳಗಾಗುವುದರೊಳಗೆ ಸವೆಯುತ್ತದೆ. ಉಜ್ಜುವ ಜಾಗದಲ್ಲಿ ಹಳೆಯ ಬಟ್ಟೆ ಚೂರು ಇಡಿ.

ಇದಕ್ಕೆಲ್ಲ ಕಂಪನಿ ಕೊಟ್ಟ ಹಗ್ಗ ಸಾಲದು. ಎರಡು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ ಹತ್ತು ಹದಿನೈದು ಮೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಬಂಡೆಯ ಮೇಲೆ ಗೂಟಕ್ಕಿಂತ ಹಗ್ಗ ದೊಡ್ಡದು. ಹತ್ತು ಹೆಜ್ಜೆ ಆಚೆ ಒಂದು ಗುಂಡುಕಲ್ಲು ಇದ್ದರೆ ಅಲ್ಲಿಗೆ ಎಟುಕಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಬಂಡೆಯ ಮೇಲೆ ನನ್ನ ಮತ ಗುಮ್ಮಟಕ್ಕೆ. ಊರುಗೋಲಿನ ಟೆಂಟನ್ನು ಬರೀ ಕಲ್ಲುಗಳಿಂದ ನಿಲ್ಲಿಸಬಹುದು, ನಿಲ್ಲಿಸಿದವರೂ ಇದ್ದಾರೆ. ಆದರೆ ಅದಕ್ಕೆ ಮುಕ್ಕಾಲು ಗಂಟೆ ಬೇಕು, ಕತ್ತಲಾಗಿರಬಾರದು, ಜೊತೆಯವನ ಜೊತೆ ಜಗಳವಾಗಿರಬಾರದು.

ಪದವಿನ ಗಾಳಿ, ಮುಳ್ಳೇರಿಯಾ

ಹಾಸುಬಂಡೆಯವರ ಮಾತಿಗೆ ಒಂದು ಸಣ್ಣ ಬಾಲ. ಬೆಳಿಗ್ಗೆ ಆ ಕಲ್ಲುಗಳನ್ನು ಎಲ್ಲಿಂದ ತಂದಿರೋ ಅಲ್ಲೇ, ಅದೇ ಮಗ್ಗುಲಿಗೆ ಇಡಿ. ನಮ್ಮ ಪದವುಗಳಲ್ಲಿ ಕಲ್ಲಿನ ಅಡಿ ಎಂದರೆ ಕಪ್ಪೆ, ಚೇಳು, ಹಲ್ಲಿಗಳ ಸಂಸಾರ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೆರಳುದ್ದದ ಮಣ್ಣಿನಲ್ಲಿ ಅರಳುವ ಹೂವುಗಳ ಮೇಲೆ ಟೆಂಟ್ ಹರಡುವುದೂ ಬೇಡ. ಸಾತಾರಾ ಜಿಲ್ಲೆಯ ಕಾಸ್ ಪ್ರಸ್ಥಭೂಮಿಯೂ ಮುರಕಲ್ಲೇ, 2012ರಲ್ಲಿ ಪಶ್ಚಿಮ ಘಟ್ಟಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಅಂಥದ್ದೇ ನೆಲ ನಮ್ಮ ಹಿತ್ತಿಲಾಚೆ ಇದ್ದರೆ ಅದನ್ನು ಬರಡು ಎನ್ನುತ್ತೇವೆ.

ಹಾರೆಪಿಕ್ಕಾಸು, ಪೆರ್ಲ

ಇಷ್ಟು ತಲೆಬಿಸಿ ಯಾಕೆ? ಮನೆ ಕಟ್ಟುವ 8 ಮಿಲಿಮೀಟರ್ ಕಬ್ಬಿಣದ ಸರಳನ್ನು ಒಂದೊಂದು ಕಾಲು ಮೀಟರಿಗೆ ತುಂಡರಿಸಿ, ಕುಲುಮೆಯಲ್ಲಿ ತಲೆ ಬಗ್ಗಿಸಿ, ತುದಿ ಚೂಪು ಮಾಡಿಸಿ. ಮುರಕಲ್ಲಿಗೂ ಇಳಿಯುತ್ತದೆ. ಒಂದು ಗೂಟಕ್ಕೆ ಬೀಳುವುದು ಚಿಲ್ಲರೆ ಕಾಸು. ಪೇಟೆಯಲ್ಲಿ ಹೊಳೆಯುವ ಗೂಟಕ್ಕೆ ನೂರಾರು ಕೊಡುವವರನ್ನು ಕಂಡರೆ ನನಗೆ ಮರುಕ.

ಮಲೆಹಾದಿ, ತಾಳವಾಡಿ

ಅಣ್ಣಾ, ಲೆಕ್ಕ ಹಾಕಿ. 8 ಮಿಲಿಮೀಟರ್ ಸರಳು ಮೀಟರಿಗೆ ಸುಮಾರು 395 ಗ್ರಾಂ. ಕಾಲು ಮೀಟರ್ ಎಂದರೆ ನೂರು ಗ್ರಾಂ. ಎಂಟು ಗೂಟಕ್ಕೆ 800 ಗ್ರಾಂ. ಮೂರು ಏಣುಗಳಿರುವ ಅಲ್ಯೂಮಿನಿಯಂ ಗೂಟ ಒಂದಕ್ಕೆ ಸುಮಾರು 15 ಗ್ರಾಂ, ಎಂಟಕ್ಕೆ 120. ಗೂಟದ ಜೊತೆ ಸುತ್ತಿಗೆಯನ್ನೂ ಹೊರಬೇಕು, ಏಕೆಂದರೆ ಅದು ಕೈಗೆ ಸಿಕ್ಕ ಕಲ್ಲಿನ ಏಟಿಗೆ ಇಳಿಯುವುದಿಲ್ಲ. ವಾಹನ ಹೋಗುವ ಕಡೆ ನಿಮ್ಮ ಗೂಟಕ್ಕೆ ನನ್ನ ನಮಸ್ಕಾರ. ಬೆನ್ನಿನ ಮೇಲೆ ಬೇಡ.

ಹಾರೆಪಿಕ್ಕಾಸು, ಪೆರ್ಲ

6 ಮಿಲಿಮೀಟರ್ ಆದೀತು. ಗೇಣುದ್ದಕ್ಕೆ 45 ಗ್ರಾಂ ಆಗಬಹುದು. ನಾಲ್ಕು ಸಾಕು. ಬೆನ್ನು ನನ್ನದು, ಇರಲಿ.

ಗಡಿಕಲ್ಲು, ಹೊಸೂರು

ಟೆಂಟಿನ ಬಗ್ಗೆ ಇಷ್ಟು ಮಾತಾಯಿತು, ಅದನ್ನು ಎಲ್ಲಿ ಹಾಕಲು ಬಿಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಅಭಯಾರಣ್ಯಗಳಿಗೆ ಕಾಲಿಡುವುದಕ್ಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ತಾಳವಾಡಿಯವರ ಸುತ್ತಮುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಿಗರು ಸತ್ತ ಮೇಲೆ ತಮಿಳುನಾಡಿನಲ್ಲಿ ಚಾರಣದ ನಿಯಮಗಳೇ ಬಿಗಿಯಾದವು. ಉತ್ತರಾಖಂಡದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ ಅದೇ ವರ್ಷ ನಿಷೇಧಿಸಿತು. ರಾಣಿಪುರಂ ಹತ್ತಲು ಹೋಗುವವರೂ ಕೇಳಿ: ಆ ಬೆಟ್ಟ ತಲಕಾವೇರಿಯ ಕಾಡಿಗೆ ಅಂಟಿಕೊಂಡಿದೆ, ಆನೆ ಬರುವ ಜಾಗ. ಆನೆಯ ಮುಂದೆ ಗುಮ್ಮಟವೂ ಒಂದೇ, ಗೂಟವೂ ಒಂದೇ.

ಮಲೆಹಾದಿ, ತಾಳವಾಡಿ

ಒಪ್ಪಿದೆ. ನಮ್ಮ ಕಾಡಿನಲ್ಲಿ ನಾನೇ ಟೆಂಟ್ ಹಾಕುವುದಿಲ್ಲ. ದಿಂಬಂ ಘಾಟಿಯ ರಸ್ತೆಯಲ್ಲೇ ರಾತ್ರಿ ಪ್ರಾಣಿಗಳ ಓಡಾಟ ಸಾಕಷ್ಟಿದೆ.

ಮರಳದಂಡೆ, ಉಪ್ಪಳ

ಕಡಲ ದಂಡೆಯ ವಿಷಯ ಮೇಲೆ ಬಂದು ಹಾಗೇ ಹೋಯಿತು. ಮರಳಿನಲ್ಲಿ ಮಾಮೂಲಿ ಗೂಟ ಹೊಡೆಯುವುದು ವ್ಯರ್ಥ. ಗೂಟವನ್ನು ನಿಲ್ಲಿಸಬೇಡಿ, ಮಲಗಿಸಿ ಹೂಳಿ. ಇಲ್ಲಿ ಕೊತ್ತಳಿಗೆಗೆ, ಅಂದರೆ ತೆಂಗಿನ ಗರಿಯ ದಪ್ಪ ಬುಡಕ್ಕೆ, ಬರವಿಲ್ಲ. ಒಂದೂವರೆ ಗೇಣಿನ ತುಂಡಿನ ನಡುವಿಗೆ ಹಗ್ಗ ಕಟ್ಟಿ, ಮೊಣಕೈ ಆಳದ ಗುಂಡಿಯಲ್ಲಿ ಹಗ್ಗಕ್ಕೆ ಅಡ್ಡವಾಗಿ ಮಲಗಿಸಿ, ಮರಳು ಮುಚ್ಚಿ ತುಳಿಯಿರಿ. ಒದ್ದೆ ಮರಳಾದರೆ ಇನ್ನೂ ಗಟ್ಟಿ. ಕೊತ್ತಳಿಗೆ ಇಲ್ಲದ ಕಡೆ ಬಟ್ಟೆಯ ಚೀಲಕ್ಕೆ ಮರಳು ತುಂಬಿ ಹೂಳಿದರಾಯಿತು. ಹಿಮದಲ್ಲೂ ಇದೇ ವಿದ್ಯೆ.

ತೆಂಗಿನ ಮರದ ಕೆಳಗೆ ಟೆಂಟ್ ಬೇಡ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗೆ ಹೇಳುತ್ತಿದ್ದೇನೆ. ನೀಲೇಶ್ವರದ ತೈಕಡಪ್ಪುರಂ ಕಡೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆ ತಿಂಗಳುಗಳಲ್ಲಿ ದಂಡೆಯಲ್ಲಿ ದೀಪ ಉರಿಸಿಕೊಂಡು ಕೂರಬೇಡಿ.

ಅಡಿಕೆ ಅಂಗಳ, ಬದಿಯಡ್ಕ

ಮಳೆ ಮತ್ತು ಬೆವರಿನ ಬಗ್ಗೆ ಮುಳ್ಳೇರಿಯಾದ ಅಕ್ಕ ಇನ್ನೂ ಸ್ವಲ್ಪ ಬರೆದರೆ ಉಪಕಾರ. ಒಂದೇ ಪದರದ ಟೆಂಟ್ ಹಗುರ ಎಂದು ಭಾವ ಈಗ ಹೊಸ ರಾಗ ತೆಗೆದಿದ್ದಾನೆ. ಅರ್ಧ ಮಾತ್ರ ತಾನೇ ನಿಲ್ಲುವ ಟೆಂಟುಗಳೂ ಇವೆಯಂತೆ, ಅವು ಹೇಗೆ?

ಪದವಿನ ಗಾಳಿ, ಮುಳ್ಳೇರಿಯಾ

ಭಾವನಿಗೆ ಹೇಳಿ: ಒಂದೇ ಪದರದ ಟೆಂಟ್ ಒಣ ಹವೆಯ ಊರಿಗೆ. ನಮ್ಮ ಕರಾವಳಿಯ ಗಾಳಿಯಲ್ಲೇ ನೀರಿದೆ. ರಾತ್ರಿ ಹೊದಿಕೆ ತಣ್ಣಗಾದಂತೆ ಇಬ್ಬರ ಉಸಿರಿನ ಹಬೆ ಅದರ ಒಳಮೈಯಲ್ಲಿ ಹನಿಗಟ್ಟುತ್ತದೆ. ಎರಡು ಪದರವಿದ್ದರೆ ಆ ಹನಿ ಒಳಗೂಡಿನ ಹೊರಗೆ ಜಾರುತ್ತದೆ, ಒಂದೇ ಆದರೆ ನಿಮ್ಮ ಕಂಬಳಿಯ ಮೇಲೆ. ಬಾಗಿಲು, ಗವಾಕ್ಷಿ ತೆರೆದಿಡಿ. ಚಳಿ ಎಂದು ಎಲ್ಲ ಮುಚ್ಚಿದವರೇ ಬೆಳಿಗ್ಗೆ ಟೆಂಟ್ ಸೋರಿತು ಎಂದು ದೂರುತ್ತಾರೆ. ಒಳಗೂಡಿನ ಬಲೆ ನಮಗೆ ಇನ್ನೊಂದು ಕಾರಣಕ್ಕೂ ಬೇಕು: ನೆತ್ತರು ಹೀರುವ ಉಂಬುಳ, ಉಣುಗು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು. ಘಟ್ಟದ ಕಾಡಂಚಿನಲ್ಲಿ ಬರೀ ಸೂರಿನ ಕೆಳಗೆ ಮಲಗುವುದು ನನಗೆ ಒಪ್ಪಿಗೆಯಿಲ್ಲ.

ಬಟ್ಟೆಯನ್ನೂ ನೋಡಿ. ನೈಲಾನ್ ಒದ್ದೆಯಾದಾಗ ಹಿಗ್ಗಿ ಜೋಲುತ್ತದೆ. ಊರುಗೋಲಿನ ಟೆಂಟುಗಳು ಹೆಚ್ಚಾಗಿ ತೆಳು ನೈಲಾನಿನವು, ಬಿಗಿತವೇ ಅವುಗಳ ಪ್ರಾಣ. ಆದ್ದರಿಂದ ಮಳೆಯ ರಾತ್ರಿ ಒಮ್ಮೆ ಎದ್ದು ಹಗ್ಗ ಬಿಗಿಸಲೇಬೇಕು. ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ, ಬಿಸಿಲನ್ನೂ ಹೆಚ್ಚು ತಾಳುತ್ತದೆ. ಗುಮ್ಮಟದಲ್ಲಿ ಕೋಲುಗಳೇ ಬಟ್ಟೆಯನ್ನು ಎಳೆದು ಹಿಡಿದಿರುವುದರಿಂದ ಈ ತೊಂದರೆ ಕಡಿಮೆ.

ಅರ್ಧ ನಿಲ್ಲುವ ಟೆಂಟಿನಲ್ಲಿ ಒಂದು ಮುಖ್ಯ ಕೋಲು ತಲೆಯ ಕಡೆ ಕವಲೊಡೆದು ಎರಡು ಮೂಲೆಗಳನ್ನು ಹಿಡಿಯುತ್ತದೆ, ಕಾಲಿನ ಕಡೆ ಒಂದೇ ಕಾಲು. ಆ ಬದಿಯ ಎರಡು ಮೂಲೆಗಳನ್ನು ಗೂಟದಿಂದ ಎಳೆದರೆ ನೆಲ ಚೌಕವಾಗುತ್ತದೆ. ಎಳೆಯದಿದ್ದರೆ ಕಾಲು ಮಡಚಿ ಮಲಗಬೇಕು. ಗುಮ್ಮಟಕ್ಕಿಂತ ಮುನ್ನೂರು ನಾನೂರು ಗ್ರಾಂ ಉಳಿಯಬಹುದು. ಒಳ್ಳೆಯ ರಾಜಿ, ಆದರೆ ನಿಮ್ಮ ದುಡ್ಡಿಗೆ ಬರುವುದಿಲ್ಲ ಎಂದು ಊಹೆ.

ಸಿಡಿಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಬೋಳು ಪದವಿನ ಮೇಲೆ ಯಾವ ಟೆಂಟೂ ಬೇಡ. ಟೆಂಟ್ ಸಿಡಿಲಿನಿಂದ ಕಾಪಾಡುವುದಿಲ್ಲ. ಬಯಲಿನಲ್ಲಿ ಎತ್ತರಕ್ಕೆ ನಿಂತದ್ದು ಅದೊಂದೇ ಆಗಿರುತ್ತದೆ. ಗುಡುಗು ಕೇಳಿದೊಡನೆ ಇಳಿದು ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮೇಲೆ ಹೋಗಬೇಡಿ.

ಚೌಕಿಮನೆ, ಕುಂಬಳೆ

ಗೂಟವನ್ನು ಓರೆಯಾಗಿ ಹೊಡೆಯುವುದೋ ನೇರವಾಗಿಯೋ ಎಂಬ ಜಗಳ ಇನ್ನೂ ಶುರುವಾಗಿಲ್ಲವಲ್ಲ, ಆಶ್ಚರ್ಯ. ದೊಡ್ಡಪ್ಪ ತಲೆಯನ್ನು ಡೇರೆಯಿಂದ ಹೊರಕ್ಕೆ ವಾಲಿಸಿ ಹೊಡೆಯುತ್ತಿದ್ದರು. ಹಗ್ಗವನ್ನು ನೆಲಕ್ಕೆ ತಾಗುವಷ್ಟು ಕೆಳಗೆ, ಗೂಟದ ಕುತ್ತಿಗೆಗೆ ಹಾಕುತ್ತಿದ್ದರು. ಮೇಲೆ ಹಾಕಿದರೆ ಗೂಟವೇ ಸನ್ನೆಕೋಲಾಗಿ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ.

ಮಲೆಹಾದಿ, ತಾಳವಾಡಿ

ಗಟ್ಟಿ ಮಣ್ಣಿನಲ್ಲಿ ನೇರ ಹೊಡೆದರೂ ನಡೆಯುತ್ತದೆ, ಪೂರ್ತಿ ಆಳ ಇಳಿಯಬೇಕು ಅಷ್ಟೇ. ತಲೆ ಟೆಂಟಿನ ಕಡೆ ವಾಲಿರಬಾರದು. ಅದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಅಡಿಕೆ ಅಂಗಳ, ಬದಿಯಡ್ಕ

ನಿರ್ಧಾರ ಮಾಡಿಯಾಯಿತು. ಎರಡು ಪದರದ, ಪಾಲಿಯೆಸ್ಟರ್ ಬಟ್ಟೆಯ, ಅಲ್ಯೂಮಿನಿಯಂ ಕೋಲಿನ ಗುಮ್ಮಟ. ಪೈವಳಿಕೆಯ ಗುಡ್ಡವೂ ಕಲ್ಲು, ಹಂಪ್ಟಾದ ದಾರಿಯ ಬಾಲು ಕಾ ಘೇರಾದಲ್ಲೂ ಮರಳು ಮತ್ತು ಹೊಳೆಯ ಕಲ್ಲು ಎಂದು ಹೋಗಿಬಂದವರು ಹೇಳಿದರು. ನಮ್ಮ ಎರಡೂ ನೆಲಗಳು ಗೂಟವನ್ನು ನಂಬುವಂಥವಲ್ಲ. ತೂಕ ಹಂಚಿಕೊಳ್ಳುತ್ತೇವೆ: ಬಟ್ಟೆ ನನ್ನ ಚೀಲದಲ್ಲಿ, ಕೋಲು ಮತ್ತು ಗೂಟ ಭಾವನದರಲ್ಲಿ. ಗೂಟದ ಮೇಲೆ ಅಷ್ಟು ಪ್ರೀತಿ ಇರುವವನೇ ಹೊರಲಿ. ಆರು ಅಲ್ಯೂಮಿನಿಯಂ ಗೂಟ, ಪೆರ್ಲದವರ ಮಾತಿಗೆ ಎರಡು ಕಬ್ಬಿಣದ್ದು, ಹದಿನೈದು ಮೀಟರ್ ಹಗ್ಗ.

ಕೊಂಡ ಮೇಲೆ ಮೊದಲು ಏನು ಮಾಡಬೇಕು?

ಮಲೆಹಾದಿ, ತಾಳವಾಡಿ

ನಾನಾಗಿದ್ದರೆ ಹಗುರವಾದದ್ದನ್ನೇ ಕೊಳ್ಳುತ್ತಿದ್ದೆ, ಮರಳಿನಲ್ಲಿ ಹೂಳುವುದನ್ನು ಕಲಿಯುತ್ತಿದ್ದೆ. ಆದರೂ ನಿಮ್ಮ ನೆಲಕ್ಕೆ ನಿಮ್ಮ ಆಯ್ಕೆ ತಪ್ಪಲ್ಲ. ಕೋಲು ಮುರಿದರೆ ಮೇಲೆ ತೊಡಿಸುವ ಗೇಣುದ್ದದ ಲೋಹದ ಕೊಳವೆ ಟೆಂಟಿನ ಜೊತೆ ಬರುತ್ತದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಕೊಳ್ಳಿ, ಗಟ್ಟಿ ಅಂಟುಪಟ್ಟಿಯೂ ಇರಲಿ.

ಪದವಿನ ಗಾಳಿ, ಮುಳ್ಳೇರಿಯಾ

ಅಡಿಕೆ ಒಳಗೆ ತೆಗೆದ ಮೇಲೆ ಅಂಗಳದಲ್ಲಿ ಇಬ್ಬರೂ ಕತ್ತಲೆಯಲ್ಲಿ, ತಲೆದೀಪ ಹಾಕಿಕೊಂಡು ಎಬ್ಬಿಸಿ ನೋಡಿ. ಆಮೇಲೆ ಪೈಪಿನಲ್ಲಿ ನೀರು ಬಿಡಿ, ಹೊಲಿಗೆಗಳಲ್ಲಿ ಸೋರುತ್ತದೆಯೇ ಎಂದು ಒಳಗೆ ಕುಳಿತು ನೋಡಿ. ಒದ್ದೆ ಟೆಂಟನ್ನು ಮಡಚಿ ಇಡಬೇಡಿ. ನಮ್ಮ ಹವೆಯಲ್ಲಿ ಬೂಸಲು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಗೂಟಗಳನ್ನು ಟೆಂಟಿನ ಚೀಲದೊಳಗೆ ಹಾಕಬೇಡಿ, ಮೊನೆ ಬಟ್ಟೆಗೆ ಚುಚ್ಚುತ್ತದೆ. ಬೇರೆ ದಪ್ಪ ಚೀಲ ಹೊಲಿಸಿ. ವಿಮಾನದಲ್ಲಾದರೆ ಅವು ಕೈಚೀಲದಲ್ಲಿ ಬೇಡ, ಒಪ್ಪಿಸುವ ಸಾಮಾನಿನಲ್ಲಿ ಹೋಗಲಿ. ಒಲೆಯ ಗ್ಯಾಸ್ ಡಬ್ಬಿಯನ್ನು ಮನಾಲಿಯಲ್ಲೇ ಕೊಳ್ಳಿ, ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ. ಮತ್ತು ಆ ಒಲೆಯನ್ನು ಟೆಂಟಿನೊಳಗೆ ಉರಿಸಬೇಡಿ, ಎಷ್ಟೇ ಚಳಿಯಿರಲಿ. ಬಟ್ಟೆ ಕರಗುವುದು ಒಂದು ಭಯ. ಮುಚ್ಚಿದ ಟೆಂಟಿನಲ್ಲಿ ವಾಸನೆಯಿಲ್ಲದ ವಿಷಾನಿಲ ತುಂಬುವುದು ಅದಕ್ಕಿಂತ ದೊಡ್ಡದು.

ಹಾರೆಪಿಕ್ಕಾಸು, ಪೆರ್ಲ

ಕಬ್ಬಿಣದ್ದು ಎರಡೇ ಆದರೆ ಕುಲುಮೆಗೆ ಹೋಗಬೇಡಿ, ನನ್ನಲ್ಲಿವೆ. 6 ಮಿಲಿಮೀಟರಿನವು. ಭಾನುವಾರ ಬದಿಯಡ್ಕ ಪೇಟೆಗೆ ಬರುವಾಗ ತರುತ್ತೇನೆ.